ಗುಣಾತ್ಮಕ ವೀಕ್ಷಣೆ, ಪರಿಮಾಣಾತ್ಮಕ ವೀಕ್ಷಣೆ: ದೋಸೆ ಹಿಟ್ಟು ಇಟ್ಕೊಂಡು ಒಂದು ಫುಲ್ ಗೈಡ್

ಹೈಸ್ಕೂಲಿಂದ ಹಿಡ್ದು ಪಿಯುಸಿ ಪ್ರಾಕ್ಟಿಕಲ್ ತನಕ ಈ ಪ್ರಶ್ನೆ ಬೆನ್ನು ಬಿಡಲ್ಲ. ಗುಣಾತ್ಮಕ ವೀಕ್ಷಣೆ ಅಂದ್ರೇನು, ಪರಿಮಾಣಾತ್ಮಕ ವೀಕ್ಷಣೆ ಅಂದ್ರೇನು, ವ್ಯತ್ಯಾಸ ಬರೆಯಿರಿ, ಎರಡು ಮಾರ್ಕ್ಸ್. ಉತ್ತರ ಎಲ್ಲರಿಗೂ ಬಾಯಿಪಾಠ: ಬಣ್ಣ, ವಾಸನೆ, ರುಚಿ, ಮುಟ್ಟಿದ್ರೆ ಹೇಗನ್ಸುತ್ತೆ, ಇದೆಲ್ಲ ಗುಣಾತ್ಮಕ, ಅಳತೆ ಮಾಡಿ ಇಲ್ಲಾ ಎಣಿಸಿ ನಂಬರಲ್ಲಿ ಹೇಳಿದ್ರೆ ಪರಿಮಾಣಾತ್ಮಕ. ಅಷ್ಟೇ, ಮುಗೀತು. ಆದ್ರೆ ಅದೇ ಮಕ್ಕಳ ಕೈಗೆ ಪ್ರಾಜೆಕ್ಟ್ ಬುಕ್ ಕೊಟ್ಟು ಏನಾದ್ರೂ ನೋಡಿ ಬರೀರಿ ಅಂದ್ರೆ ಒಂದೋ "ಚೆನ್ನಾಗಿ ಬಂತು" ಅಂತ ಒಂದು ಸಾಲು ಬರೀತಾರೆ, ಇಲ್ಲಾಂದ್ರೆ ಯೂನಿಟ್ಟೇ ಇಲ್ದೆ ನಂಬರ್ ತುಂಬಿಸಿ ಟೇಬಲ್ ಮಾಡ್ಕೊಂಡು ಬರ್ತಾರೆ, ಯಾಕಂದ್ರೆ ನಂಬರ್ ಇದ್ರೆ ಸೈನ್ಸು, ಮಾತಲ್ಲಿ ಬರೆದ್ರೆ ಪ್ರಬಂಧ ಅನ್ನೋ ಭಾವನೆ ಎಲ್ಲೋ ತಲೇಲಿ ಕೂತ್ಬಿಟ್ಟಿದೆ.

ನನ್ ಪ್ರಕಾರ ಅದು ಉಲ್ಟಾ. ಏನನ್ನ ಅಳೀಬೇಕು ಅಂತ ಹೇಳೋದೇ ಮಾತಲ್ಲಿ ಬರೆದ ವೀಕ್ಷಣೆ, ಅದಿಲ್ದೆ ಅಳೆಯೋಕೆ ಹೋದ್ರೆ ಅಳತೆ ಕರೆಕ್ಟಾಗೇ ಇರುತ್ತೆ, ಅಳೆದ ವಸ್ತು ಮಾತ್ರ ತಪ್ಪಿರುತ್ತೆ. ಅದಕ್ಕೆ ಮನೇಲೇ ಮಾಡಬಹುದಾದ ಒಂದು ಪ್ರಯೋಗ ತಗೊಂಡು ಪೂರ್ತಿ ಹೇಳ್ತೀನಿ. ದೋಸೆ ಹಿಟ್ಟು ಹುಳಿ ಬರೋದು. ಖರ್ಚಿಲ್ಲ, ವೇಸ್ಟ್ ಆಗಲ್ಲ, ಮತ್ತೆ ಕಣ್ಣು ಮೂಗು ಕೈ ಸ್ಕೇಲು ತಕ್ಕಡಿ ಎಲ್ಲಕ್ಕೂ ಕೆಲಸ ಇರುತ್ತೆ.

ಶುರು ಮಾಡೋ ಮುಂಚೆ ಬೇಕಾಗಿರೋದು

ಅಕ್ಕಿ 3 ಕಪ್, ಉದ್ದಿನಬೇಳೆ 1 ಕಪ್, ಮೆಂತ್ಯ ಒಂದು ಚಮಚ, ಮನೇಲಿ ಮಾಮೂಲಿ ಹಾಕೋ ಅಳತೆ ಬೇರೆ ಇದ್ರೆ ಅದೇ ಸಾಕು. ಎರಡು ಗಾಜಿನ ಬಾಟ್ಲಿ, ಒಂದೇ ಸೈಜಿಂದು, ಪಕ್ಕ ನೆಟ್ಟಗೆ ಇರ್ಬೇಕು, ಕತ್ತು ಸಣ್ಣಗಾಗಿ ಹೊಟ್ಟೆ ಉಬ್ಬಿರೋ ಬಾಟ್ಲಿ ಬೇಡ, ಯಾಕಂದ್ರೆ ಆಗ ಎತ್ತರ ಎರಡರಷ್ಟು ಆಯ್ತು ಅಂದ್ರೆ ಹಿಟ್ಟಿನ ಗಾತ್ರ ಎರಡರಷ್ಟು ಆಯ್ತು ಅಂತ ಅರ್ಥ ಆಗಲ್ಲ. ಒಂದು ಸ್ಕೇಲ್, 1 ಗ್ರಾಂ ತನಕ ತೋರ್ಸೋ ಅಡುಗೆಮನೆ ತಕ್ಕಡಿ, ಥರ್ಮಾಮೀಟರ್ (ಜ್ವರ ನೋಡೋದಲ್ಲ, ಲ್ಯಾಬಿಂದು ಅಥವಾ ರೂಮ್ ಟೆಂಪರೇಚರ್ ತೋರ್ಸೋದು), ಸಿಕ್ಕಿದ್ರೆ ಪಿಎಚ್ ಪೇಪರ್ (ಹುಳಿ, ಅಂದ್ರೆ ಆಮ್ಲ, ಎಷ್ಟಿದೆ ಅಂತ ಬಣ್ಣ ಬದಲಾಯಿಸಿ ತೋರ್ಸೋ ಕಾಗದ, ಪಿಎಚ್ ನಂಬರ್ ಇಳಿದಷ್ಟೂ ಹುಳಿ ಜಾಸ್ತಿ). ಮತ್ತೆ ಒಂದು ನೋಟ್ ಬುಕ್ಕು, ಅದು ರಫ್ ಶೀಟ್ ಆಗಿರಬಾರದು, ಆಮೇಲೆ ಫೇರ್ ಮಾಡ್ತೀನಿ ಅನ್ನೋರು ಫೇರ್ ಮಾಡೋವಾಗ ಬೇಡವಾದ ರೀಡಿಂಗ್ ಎಲ್ಲ ತೆಗ್ದ್ ಹಾಕಿರ್ತಾರೆ.

ಟೈಮಿಂಗ್ ಬಗ್ಗೆ ಒಂದು ಮಾತು. ಎಲ್ರೂ ಸಂಜೆ ರುಬ್ಬಿ ರಾತ್ರಿ ಇಡ್ತಾರೆ, ಆಗ ಹಿಟ್ಟು ಉಬ್ಬೋ ಹೊತ್ತಿಗೆ ನೀವು ಮಲಗಿರ್ತೀರ. ಅದಕ್ಕೆ ಶನಿವಾರ ರಾತ್ರಿ ನೆನೆಸಿ, ಭಾನುವಾರ ಬೆಳಗ್ಗೆ ಆರಕ್ಕೆ ರುಬ್ಬಿ, ದಿನವಿಡೀ ನೋಡ್ಕೊಂಡಿರಿ. ಒಂದು ಬಾಟ್ಲಿ ಅಡುಗೆಮನೆ ಕಟ್ಟೆ ಮೇಲೆ, ಇನ್ನೊಂದು ಫ್ರಿಜ್ಜಲ್ಲಿ. ಉಪ್ಪು ಹಾಕೋದಾದ್ರೆ ಎರಡಕ್ಕೂ ಹಾಕಿ, ಇಲ್ಲಾ ಎರಡಕ್ಕೂ ಬೇಡ. ಟೆಂಪರೇಚರ್ ಒಂದನ್ನ ಬಿಟ್ರೆ ಮಿಕ್ಕಿದ್ದೆಲ್ಲ ಒಂದೇ ಥರ ಇರ್ಬೇಕು. ಬಾಟ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಮುಚ್ಚಳ ಸಡಿಲ ಇರ್ಲಿ, ಗ್ಯಾಸ್ ಬರುತ್ತೆ.

ಸ್ಟೆಪ್ 1: ಸ್ಕೇಲ್ ಮುಟ್ಟಬೇಡಿ, ಮೊದಲು ಬರೀ ನೋಡಿ

ರುಬ್ಬಿದ ತಕ್ಷಣ ಐದು ನಿಮಿಷ ಯಾವ ಉಪಕರಣನೂ ಇಲ್ದೆ ಬರೀಬೇಕು. ಬಣ್ಣ: ಬರೀ ಬಿಳಿ ಅಲ್ಲ, ಮೆಂತ್ಯ ಹಾಕಿದ್ರೆ ಸ್ವಲ್ಪ ಹಳದಿ ಛಾಯೆ ಇರುತ್ತೆ, ಅದನ್ನೇ ಬರೀರಿ. ವಾಸನೆ: ಹಸಿ ಬೇಳೆ ವಾಸನೆ. ಬೆರಳಲ್ಲಿ ಉಜ್ಜಿದ್ರೆ ಅಕ್ಕಿ ತರಿ ಸಿಗುತ್ತಾ, ನುಣ್ಣಗಿದೆಯಾ. ಸೌಟಿಂದ ಬಿಟ್ರೆ ಪಟ್ಟಿ ಥರ ಬೀಳುತ್ತಾ, ಮುದ್ದೆ ಮುದ್ದೆ ಬೀಳುತ್ತಾ. ಮೇಲ್ಭಾಗ ಸಪಾಟಾಗಿದೆಯಾ, ಗುಳ್ಳೆ ಇದೆಯಾ. ರುಬ್ಬುವಾಗ ಗಾಳಿ ಸೇರಿ ಶುರುವಲ್ಲೇ ಒಂದಷ್ಟು ಗುಳ್ಳೆ ಇರುತ್ತೆ, ಅದನ್ನ ಈಗ ಬರ್ಕೊಳ್ದೆ ಇದ್ರೆ ನಾಲ್ಕು ಗಂಟೆ ಆದ್ಮೇಲೆ "ಗುಳ್ಳೆ ಬಂತು" ಅಂತ ಬರ್ದಿದ್ದಕ್ಕೆ ಬೆಲೆ ಇರಲ್ಲ.

ಇಲ್ಲಿ ಬಹಳ ಜನ ಎಡವೋ ಜಾಗ ಇದೆ. "ಹಿಟ್ಟು ಚೆನ್ನಾಗಿದೆ" ಅನ್ನೋದು ಗುಣಾತ್ಮಕ ವೀಕ್ಷಣೆ ಅಲ್ಲ, ಅದು ಅಭಿಪ್ರಾಯ. "ಹಿಟ್ಟು ಹುದುಗಿದೆ" ಅನ್ನೋದೂ ವೀಕ್ಷಣೆ ಅಲ್ಲ, ಅದು ತೀರ್ಮಾನ. ನಿಮ್ಮ ಕಣ್ಣಿಗೆ ಕಂಡಿದ್ದು ಗುಳ್ಳೆ, ಮೂಗಿಗೆ ಬಂದಿದ್ದು ಹುಳಿ ವಾಸನೆ, ಅದೆರಡರಿಂದ ಹುದುಗಿದೆ ಅಂತ ನೀವು ಅಂದ್ಕೊಂಡ್ರಿ. ಪುಟದ ಮಧ್ಯೆ ಒಂದು ಗೆರೆ ಎಳ್ದು ಎಡಗಡೆ ಕಂಡಿದ್ದು, ಬಲಗಡೆ ಅಂದ್ಕೊಂಡಿದ್ದು ಅಂತ ಬರೀರಿ, ಈ ಒಂದು ಅಭ್ಯಾಸ ಆದ್ರೆ ಅರ್ಧ ಕೆಲ್ಸ ಆದಂಗೆ. ಪ್ರಾಕ್ಟಿಕಲ್ ವೈವಾದಲ್ಲಿ ಎಕ್ಸಾಮಿನರ್ ಕೆಣಕೋದೂ ಸಾಮಾನ್ಯವಾಗಿ ಇಲ್ಲೇ.

ಸ್ಟೆಪ್ 2: ಈಗ ಅಳೀರಿ, ಆದ್ರೆ ಸೊನ್ನೆ ಎಲ್ಲಿದೆ ನೋಡ್ಕೊಂಡು

ಬಾಟ್ಲಿ ಹೊರಗಡೆ ಸ್ಕೇಲ್ ಅಂಟಿಸಿ, ಇಲ್ಲಾಂದ್ರೆ ಗ್ರಾಫ್ ಶೀಟ್ ಪಟ್ಟಿ ಕತ್ತರಿಸಿ ಅಂಟಿಸಿ. ಸೊನ್ನೆ ಇರಬೇಕಾದ್ದು ಹಿಟ್ಟು ಶುರುವಾಗೋ ಜಾಗದಲ್ಲಿ, ಟೇಬಲ್ ಮೇಲಲ್ಲ. ಬಾಟ್ಲಿ ತಳದ ಗಾಜು ದಪ್ಪ ಇರುತ್ತೆ ಅನ್ನೋದನ್ನ ಮರೆತ್ರೆ ಏನಾಗುತ್ತೆ ನೋಡಿ: ಹಿಟ್ಟಿನ ನಿಜವಾದ ಎತ್ತರ ಶುರುವಲ್ಲಿ 60 ಮಿ.ಮೀ., ಆಮೇಲೆ 108 ಮಿ.ಮೀ. ಅಂದ್ಕೊಳ್ಳಿ. 48 ಮಿ.ಮೀ. ಹೆಚ್ಚಾಯ್ತು, ಅಂದ್ರೆ 80 ಪರ್ಸೆಂಟ್. ಗಾಜು 5 ಮಿ.ಮೀ. ದಪ್ಪ ಇದ್ದು ನೀವು ಟೇಬಲಿಂದ ಅಳೆದ್ರೆ 65 ರಿಂದ 113 ಅಂತ ಬರುತ್ತೆ, ಹೆಚ್ಚಾಗಿದ್ದು ಅದೇ 48, ಆದ್ರೆ ಪರ್ಸೆಂಟ್ ಲೆಕ್ಕ ಹಾಕಿದ್ರೆ ಸುಮಾರು 74. ಸ್ಕೇಲು ಸರಿ ಇತ್ತು, ಓದಿದ್ದೂ ಸರಿ, ಉತ್ತರ ಮಾತ್ರ ತಪ್ಪು. (ಈ ನಂಬರ್‌ಗಳು ಲೆಕ್ಕ ತೋರ್ಸೋಕೆ ಇಟ್ಕೊಂಡಿದ್ದು, ನಿಮ್ಮನೆ ಹಿಟ್ಟಿಗೆ ಬೇರೇನೇ ಬರುತ್ತೆ.)

ಕಣ್ಣು ಹಿಟ್ಟಿನ ಮಟ್ಟಕ್ಕೆ ತಂದು ಓದಿ, ಮೇಲಿಂದ ಬಗ್ಗಿ ಓದಿದ್ರೆ ಒಂದೆರಡು ಮಿ.ಮೀ. ಆಚೀಚೆ ಆಗುತ್ತೆ. ಹಿಟ್ಟು ಉಬ್ಬಿದ್ಮೇಲೆ ಮಧ್ಯ ಗುಮ್ಮಟದ ಥರ ಎದ್ದಿರುತ್ತೆ, ಗಾಜಿನ ಪಕ್ಕ ಸ್ವಲ್ಪ ತಗ್ಗಿರುತ್ತೆ, ಆಗ ಯಾವುದನ್ನ ಓದ್ಬೇಕು ಅಂತ ಕೇಳಿದ್ರೆ, ಯಾವುದಾದ್ರೂ ಓದಿ, ಆದ್ರೆ ಶುರುವಿಂದ ಕೊನೆ ತನಕ ಅದೇ ಜಾಗ ಓದಿ, ಮತ್ತೆ "ಗಾಜಿಗೆ ಅಂಟಿರೋ ಅಂಚಲ್ಲಿ ಓದಿದ್ದು, ಮಧ್ಯ ಉಬ್ಬಿತ್ತು" ಅಂತ ಪಕ್ಕದಲ್ಲಿ ಬರೀರಿ. ನೋಡಿ, ನಂಬರ್ ಅರ್ಥ ಆಗ್ಬೇಕಾದ್ರೆ ಮಾತು ಬೇಕಾಯ್ತು.

ಪ್ರತಿ ಪರಿಮಾಣಾತ್ಮಕ ವೀಕ್ಷಣೆ ಜೊತೆ ಇಷ್ಟು ಇರಲೇಬೇಕು: ನಂಬರು, ಯೂನಿಟ್ಟು, ಯಾವುದ್ರಲ್ಲಿ ಅಳೆದಿದ್ದು, ಎಷ್ಟು ಹೊತ್ತಿಗೆ. "108" ಅಂದ್ರೆ ಏನೂ ಅಲ್ಲ. "ಸಂಜೆ 6ಕ್ಕೆ 108 ಮಿ.ಮೀ., ಪ್ಲಾಸ್ಟಿಕ್ ಸ್ಕೇಲ್, 1 ಮಿ.ಮೀ. ಹೆಚ್ಚುಕಮ್ಮಿ" ಅಂದ್ರೆ ವೀಕ್ಷಣೆ. ಆ 1 ಮಿ.ಮೀ. ಹೆಚ್ಚುಕಮ್ಮಿ ಬರೆಯೋಕೆ ನಾಚ್ಕೋಬೇಡಿ, ಅಳತೆ ಅಂದ್ಮೇಲೆ ಅದು ಇದ್ದೇ ಇರುತ್ತೆ. ಎಣಿಕೆ ಬೇರೆ ವಿಷ್ಯ, 20 ಹೆಸರುಕಾಳು ನೆನೆಸಿ 18 ಮೊಳಕೆ ಬಂದ್ರೆ ಅದು 18, ಹದಿನೇಳೂವರೆ ಅಲ್ಲ. ಆದ್ರೆ ಮೊಳಕೆ ಉದ್ದ ಅಳೆಯೋಕೆ ಹೋದ್ರೆ ಮತ್ತೆ ಹೆಚ್ಚುಕಮ್ಮಿ ಶುರು.

ಸ್ಟೆಪ್ 3: ತಕ್ಕಡಿ ಮೇಲಿಡಿ

ಇದು ನನಗೆ ಬಹಳ ಇಷ್ಟವಾದ ಭಾಗ. ಹಿಟ್ಟು ಇಷ್ಟೊಂದು ಉಬ್ಬಿದೆ, ತೂಕನೂ ಜಾಸ್ತಿ ಆಗಿರಬೇಕು ಅಂತ ಸುಮಾರು ಮಕ್ಕಳು ಅಂದ್ಕೋತಾರೆ, ಕೆಲವರು ಗ್ಯಾಸ್ ಹೋಗಿ ಹಗುರ ಆಗಿರುತ್ತೆ ಅಂತಾರೆ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬಾಟ್ಲಿ ಸಮೇತ ತೂಗಿ ನೋಡಿ. ಬೆಳಗ್ಗೆ ಇದ್ದಷ್ಟೇ ಇರುತ್ತೆ, ತಪ್ಪಿದ್ರೆ ನೀರು ಆರಿ ಗ್ರಾಂ ಎರಡು ಗ್ರಾಂ ಕಮ್ಮಿ.

ಯಾಕೆ? ಹಿಟ್ಟಲ್ಲಿರೋ ಬ್ಯಾಕ್ಟೀರಿಯಾ, ಮುಖ್ಯವಾಗಿ ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಅನ್ನೋದು, ಅಕ್ಕಿ ಬೇಳೆ ಜೊತೆಗೇ ಬಂದಿರುತ್ತೆ, ನಾವೇನೂ ಹಾಕಿರಲ್ಲ. ಅದು ಹಿಟ್ಟಲ್ಲಿರೋ ಸಕ್ಕರೆ ತಿಂದು ಆಸಿಡ್ಡು ಮತ್ತೆ ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ಉದ್ದಿನ ಅಂಟು ಆ ಗ್ಯಾಸನ್ನ ಹೊರಗೆ ಬಿಡಲ್ಲ, ಹಿಡ್ಕೊಳುತ್ತೆ, ಹಿಟ್ಟು ಉಬ್ಬೋದು ಅದಕ್ಕೆ. ಗ್ಯಾಸ್ ಹೊರಗಿಂದ ಬಂದಿಲ್ಲ, ಒಳಗಿದ್ದ ಪದಾರ್ಥನೇ ಗ್ಯಾಸ್ ಆಗಿದ್ದು, ಬಹುಪಾಲು ಇನ್ನೂ ಒಳಗೇ ಇದೆ, ಹಾಗಾಗಿ ತೂಕ ಬದಲಾಗೋಕೆ ಕಾರಣನೇ ಇಲ್ಲ. ಸರಿ, ಎಲ್ಲ ಗ್ಯಾಸೂ ಹೊರಗೆ ಹೋಯ್ತು ಅಂತಾನೇ ಇಟ್ಕೊಳ್ಳಿ. ರೂಮ್ ಟೆಂಪರೇಚರಲ್ಲಿ 1 ಲೀಟರ್ ಕಾರ್ಬನ್ ಡೈಆಕ್ಸೈಡ್ ತೂಕ ಸುಮಾರು 1.8 ಗ್ರಾಂ, ಹಿಟ್ಟು ಕಾಲು ಲೀಟರ್ ಉಬ್ಬಿದ್ರೆ ಆ ಗ್ಯಾಸ್ ಅರ್ಧ ಗ್ರಾಂನೂ ಇಲ್ಲ, ನಿಮ್ಮ ತಕ್ಕಡಿ ತೋರ್ಸೋದೇ 1 ಗ್ರಾಂನಿಂದ. ಅಂದ್ರೆ ಬರೀ ತೂಕ ಒಂದನ್ನೇ ಅಳೆದು ಟೇಬಲ್ ಮಾಡಿದ್ರೆ "ಹಿಟ್ಟಲ್ಲಿ ಯಾವ ಬದಲಾವಣೆನೂ ಇಲ್ಲ" ಅಂತ ಬರೀಬೇಕಾಗ್ತಿತ್ತು, ಅದೂ ಪಕ್ಕಾ ನಂಬರ್ ಸಮೇತ. ಉಬ್ಬಿದ್ದು ಕಣ್ಣಿಗೆ ಕಂಡಿದ್ರಿಂದ ತಾನೆ ಎತ್ತರ ಅಳೆಯೋಣ ಅನ್ಸಿದ್ದು.

ಸ್ಟೆಪ್ 4: ಮಾತನ್ನ ನಂಬರ್ ಮಾಡೋದು

ಈಗ ಸ್ಟೆಪ್ 1ರಲ್ಲಿ ಬರೆದ ಒಂದೊಂದೇ ಸಾಲು ತಗೊಂಡು ಇದನ್ನ ಅಳೆಯೋಕಾಗುತ್ತಾ ಅಂತ ಕೇಳ್ಕೊಳ್ಳಿ.

"ಗುಳ್ಳೆ ತುಂಬಾ ಇದೆ": ಕಾಗದದಲ್ಲಿ 2 ಸೆಂ.ಮೀ. ಚೌಕ ಕತ್ತರಿಸಿ ಕಿಟಕಿ ಮಾಡಿ, ಬಾಟ್ಲಿ ಗಾಜಿನ ಮೇಲೆ ಒಂದು ಜಾಗ ಗುರ್ತು ಮಾಡಿ, ಪ್ರತಿ ಸಲ ಅದೇ ಜಾಗದಲ್ಲಿ ಇಟ್ಟು ಒಳಗೆ ಕಾಣೋ ಗುಳ್ಳೆ ಎಣಿಸಿ. ಫೋನಲ್ಲಿ ಫೋಟೋ ತೆಗ್ದು ಝೂಮ್ ಮಾಡಿ ಎಣಿಸಿದ್ರೆ ಇನ್ನೂ ಸುಲಭ.

"ಗಟ್ಟಿ ಇದೆ, ನೀರಾಗಿದೆ": ಒಂದು ಚಮಚ ಹಿಟ್ಟು ಸ್ಟೀಲ್ ತಟ್ಟೆ ಮಧ್ಯ ಸುರಿದು 30 ಸೆಕೆಂಡ್ ಬಿಟ್ಟು ಎಷ್ಟು ಅಗಲ ಹರಡಿದೆ ಅಂತ ಅಳೀರಿ. ಅದೇ ಚಮಚ, ಅದೇ ತಟ್ಟೆ. ಇದಕ್ಕೆ ಬೇರೆ ಸಣ್ಣ ಡಬ್ಬೀಲಿ ಹಿಟ್ಟು ತೆಗ್ದಿಟ್ಕೊಳ್ಳಿ, ಎತ್ತರ ನೋಡೋ ಬಾಟ್ಲಿಗೆ ಚಮಚ ಹಾಕಿದ್ರೆ ಗ್ಯಾಸ್ ಹೋಗಿ ಹಿಟ್ಟು ಕುಸಿಯುತ್ತೆ.

"ಹುಳಿ ಇದೆ": ಇದಕ್ಕೆ ಪಿಎಚ್ ಪೇಪರ್. ಹಿಟ್ಟಿನ ಪಿಎಚ್ ಶುರುವಲ್ಲಿ 6ರ ಆಸುಪಾಸು ಇದ್ದಿದ್ದು ಚೆನ್ನಾಗಿ ಹುಳಿ ಬರೋ ಹೊತ್ತಿಗೆ ನಾಲ್ಕೂವರೆ ಕಡೆಗೆ ಇಳಿಯುತ್ತೆ. ಪೇಪರ್ ಇಲ್ಲ, ಅರಿಶಿನ ಇದೆಯಲ್ಲ, ಸ್ಕೂಲಲ್ಲಿ ಸೂಚಕ ಅಂತ ಹೇಳ್ಕೊಟ್ಟಿದ್ರಲ್ಲ ಅಂತ ಅರಿಶಿನದ ಕಾಗದ ಅದ್ದಿದ್ರೆ ಅದು ಬೆಳಗ್ಗೆನೂ ಹಳದಿ, ಸಂಜೆನೂ ಹಳದಿ. ಅರಿಶಿನ ಕೆಂಪಾಗೋದು ಸೋಪಿನ ನೀರು, ಸುಣ್ಣದ ನೀರು ಥರ ಪ್ರತ್ಯಾಮ್ಲಕ್ಕೆ ಮಾತ್ರ, ಆಮ್ಲ ಎಷ್ಟಾದ್ರೂ ಜಾಸ್ತಿ ಆಗ್ಲಿ ಅದಕ್ಕೆ ಗೊತ್ತಾಗಲ್ಲ. "ಬದಲಾವಣೆ ಕಾಣಲಿಲ್ಲ" ಅಂತ ಬರೀಬಹುದು, "ಬದಲಾವಣೆ ಆಗಲಿಲ್ಲ" ಅಂತ ಬರೆಯೋ ಹಾಗಿಲ್ಲ. ಅರಿಶಿನದ ಬದಲು ಕೆಂಪು ದಾಸವಾಳದ ಹೂವು ಬಿಸಿ ನೀರಲ್ಲಿ ನೆನೆಸಿ ಆ ರಸ ಬಳಸಿ, ಆಮ್ಲಕ್ಕೆ ಅದು ಗುಲಾಬಿ ಕೆಂಪಿಗೆ ತಿರುಗುತ್ತೆ. ಹಿಟ್ಟು ಬೆಳ್ಳಗಿರೋದ್ರಿಂದ ಛಾಯೆ ತಿಳಿಯಾಗಿ ಕಾಣುತ್ತೆ, ಬೆಳಗ್ಗೆ ತೆಗ್ದ ಸ್ಯಾಂಪಲ್ ಪಕ್ಕ ಇಟ್ಟು ಹೋಲ್ಸಿ. ಇದು ನಂಬರ್ ಕೊಡಲ್ಲ, ಗುಣಾತ್ಮಕವೇ, ಆದ್ರೂ ಒಳ್ಳೇ ಸಾಕ್ಷಿ.

ವಾಸನೆನ ಮಾತ್ರ ಬಿಟ್ಬಿಡಿ, ಅದನ್ನ ಮನೇಲಿ ನಂಬರ್ ಮಾಡೋಕೆ ಹೋಗಬೇಡಿ. ಹಸಿ ಬೇಳೆ ವಾಸನೆ ಯಾವಾಗ ಹೋಯ್ತು, ಹುಳಿ ವಾಸನೆ ಯಾವಾಗ ಶುರುವಾಯ್ತು, ಘಾಟು ಯಾವಾಗ ಬಂತು ಅಂತ ಟೈಮ್ ಸಮೇತ ಬರೆದ್ರೆ ಸಾಕು.

ಸ್ಟೆಪ್ 5: ನಂಬರ್ ವೇಷದಲ್ಲಿ ಬರೋದನ್ನ ಗುರ್ತಿಸಿ

ಅಂಕಿ ಕಂಡ ತಕ್ಷಣ ಪರಿಮಾಣಾತ್ಮಕ ಅಂತ ಟಿಕ್ ಹಾಕ್ಬೇಡಿ. ಬೆಂಗಳೂರಿನ 335ಇ ಬಸ್ಸು 201 ನಂಬರ್ ಬಸ್ಸಿಗಿಂತ ಏನರಲ್ಲೂ ಜಾಸ್ತಿ ಅಲ್ಲ, ಅದು ಹೆಸರು ಅಷ್ಟೇ. ಪಿನ್ ಕೋಡ್, ರೋಲ್ ನಂಬರ್ ಎಲ್ಲ ಹಂಗೇ.

ಇದಕ್ಕಿಂತ ಮೋಸದ್ದು ಅಂದ್ರೆ ದರ್ಜೆಯ ನಂಬರು. ಮನೇಲಿ ಎಲ್ಲರಿಗೂ ಹಿಟ್ಟಿನ ದೋಸೆ ಕೊಟ್ಟು ಹುಳಿಗೆ 1ರಿಂದ 5ರ ತನಕ ಮಾರ್ಕ್ಸ್ ಕೊಡಿ ಅಂತ ಕೇಳಿದ್ರಿ ಅಂದ್ಕೊಳ್ಳಿ. ಅಜ್ಜಿ 2 ಅಂದ್ರು, ತಮ್ಮ 4 ಅಂದ. ಹಾಗಂತ ತಮ್ಮನ ನಾಲಿಗೆಗೆ ಎರಡರಷ್ಟು ಹುಳಿ ಅಂತ ಅರ್ಥನಾ? ಅಲ್ಲ. ಖನಿಜಗಳ ಗಡಸುತನಕ್ಕೆ ಫ್ರೆಡ್ರಿಕ್ ಮೋಸ್ ಅನ್ನೋ ಜರ್ಮನ್ ಖನಿಜ ವಿಜ್ಞಾನಿ 1812ರಲ್ಲಿ ಮಾಡಿದ ಸ್ಕೇಲೂ ಇಂಥದ್ದೇ. ಟಾಲ್ಕ್ 1, ವಜ್ರ 10, ಯಾವುದು ಯಾವುದನ್ನ ಗೀರುತ್ತೆ ಅನ್ನೋ ಕ್ರಮದಲ್ಲಿ ಜೋಡ್ಸಿದ್ದು. 9ನೇ ಜಾಗದ ಕುರಂದಕ್ಕೂ 10ನೇ ಜಾಗದ ವಜ್ರಕ್ಕೂ ಇರೋ ಅಂತರ 8ಕ್ಕೂ 9ಕ್ಕೂ ಇರೋ ಅಂತರಕ್ಕಿಂತ ತುಂಬಾ ದೊಡ್ಡದು. ಇಂಥ ನಂಬರಲ್ಲಿ ಯಾವುದು ಹೆಚ್ಚು ಯಾವುದು ಕಮ್ಮಿ ಅಂತ ಹೇಳಬಹುದು, ಕೂಡಿಸಿ ಭಾಗಿಸಿ "ಸರಾಸರಿ ಹುಳಿ 3.27" ಅಂತ ಬರೆದ್ರೆ ಆ ಪಾಯಿಂಟ್ 27ಕ್ಕೆ ಅರ್ಥ ಇಲ್ಲ.

ಇದರ ಉಲ್ಟಾನೂ ಇದೆ, ಮಾತಿನ ಥರ ಕಾಣೋ ನಂಬರ್. ಟಿವೀಲಿ "ಕರಾವಳಿಯಲ್ಲಿ ಭಾರಿ ಮಳೆ" ಅಂದ್ರೆ ನಮಗೆ ಅದು ಸುಮ್ನೆ ವರ್ಣನೆ ಅನ್ಸುತ್ತೆ, ಆದ್ರೆ ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5ರಿಂದ 115.5 ಮಿ.ಮೀ. ಆದ್ರೆ ಭಾರಿ, 115.6ರಿಂದ 204.4 ಆದ್ರೆ ಅತಿ ಭಾರಿ, ಅದಕ್ಕೂ ಮೇಲೆ ಹೋದ್ರೆ ಇನ್ನೊಂದು ದರ್ಜೆ. ಆಗುಂಬೆಯವರಿಗೆ ಭಾರಿ ಅನ್ನಿಸೋದೇ ಬೇರೆ, ಚಳ್ಳಕೆರೆಯವರಿಗೆ ಬೇರೆ, ಅದಕ್ಕೇ ಮಾತಿನ ಹಿಂದೆ ಅಳತೆ ಕಟ್ಟಿದ್ದಾರೆ. ನೀವೂ ನಿಮ್ಮ ಬುಕ್ಕಲ್ಲಿ ಹಂಗೇ ಮಾಡ್ಬಹುದು, "ಚೌಕದಲ್ಲಿ 10ಕ್ಕಿಂತ ಕಮ್ಮಿ ಗುಳ್ಳೆ ಇದ್ರೆ ಸ್ವಲ್ಪ, 30 ದಾಟಿದ್ರೆ ತುಂಬಾ" ಅಂತ ಶುರುವಲ್ಲೇ ಬರ್ದಿಟ್ಕೊಂಡ್ರೆ ಯಾರು ನೋಡಿದ್ರೂ ಒಂದೇ ಅರ್ಥ.

ಕೈ ಮುಟ್ಟಿ ನೋಡೋದನ್ನ ಎಷ್ಟು ನಂಬಬಹುದು?

ಫ್ರಿಜ್ಜಿಂದ ತೆಗ್ದ ಬಾಟ್ಲಿ ಮುಟ್ಟಿ ಆಮೇಲೆ ಕಟ್ಟೆ ಮೇಲಿನ ಬಾಟ್ಲಿ ಮುಟ್ಟಿದ್ರೆ "ಹಿಟ್ಟು ಬೆಚ್ಚಗಿದೆ" ಅನ್ಸುತ್ತೆ. ನಂಬಬೇಡಿ. ಮೂರು ಬಟ್ಟಲು ತಗೊಳ್ಳಿ, ಒಂದರಲ್ಲಿ ತಣ್ಣೀರು, ಒಂದರಲ್ಲಿ ಕೈ ತಡೆಯೋಷ್ಟು ಬಿಸಿ ನೀರು, ಮಧ್ಯದ್ದರಲ್ಲಿ ಉಗುರುಬೆಚ್ಚಗಿನ ನೀರು. ಎಡಗೈ ತಣ್ಣೀರಲ್ಲಿ, ಬಲಗೈ ಬಿಸಿನೀರಲ್ಲಿ ಒಂದು ನಿಮಿಷ ಇಟ್ಟು ಆಮೇಲೆ ಎರಡೂ ಕೈ ಮಧ್ಯದ ಬಟ್ಟಲಿಗೆ ಹಾಕಿ. ಅದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ. ಹಾಗಾಗಿ ಟೆಂಪರೇಚರ್ ವಿಷಯದಲ್ಲಿ ಥರ್ಮಾಮೀಟರ್ ಇಲ್ದೆ ಮಾತಾಡೋದೇ ಬೇಡ. ಬೆಂಗಳೂರಿನ ಡಿಸೆಂಬರ್ ಚಳೀಲಿ ಹಿಟ್ಟು ಬೇಗ ಹುಳಿ ಬರಲ್ಲ, ಮಂಗಳೂರಲ್ಲಿ ಅಷ್ಟೊತ್ತಿಗೆ ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿರುತ್ತೆ, ಟೆಂಪರೇಚರ್ ಬರೀದೆ ಬಿಟ್ರೆ ನಿಮ್ಮ ರೀಡಿಂಗನ್ನ ಬೇರೆ ಯಾರ ರೀಡಿಂಗ್ ಜೊತೆಗೂ ಹೋಲಿಸೋಕಾಗಲ್ಲ.

ದೊಡ್ಡೋರೂ ಹಿಂಗೇ ಮಾಡಿದ್ದು

ಗುಣಾತ್ಮಕ ಅಂದ್ರೆ ಮಕ್ಕಳಾಟ ಅನ್ನೋರಿಗೆ ಸಿ.ವಿ. ರಾಮನ್ ಕೆಲಸ ಹೇಳ್ಬೇಕು. 1928ರಲ್ಲಿ ಕೋಲ್ಕತ್ತಾದಲ್ಲಿ ರಾಮನ್ ಮತ್ತೆ ಕೆ.ಎಸ್. ಕೃಷ್ಣನ್ ಮಾಡಿದ್ದು ಏನಂದ್ರೆ, ಬಿಸಿಲನ್ನ ನೀಲಿ-ನೇರಳೆ ಫಿಲ್ಟರ್ ಮೂಲಕ ದ್ರವದೊಳಗೆ ಬಿಟ್ಟು, ಚದುರಿ ಬಂದ ಬೆಳಕಿಗೆ ಅಡ್ಡ ಇನ್ನೊಂದು ಫಿಲ್ಟರ್ ಹಿಡಿದ್ರು, ಅದು ಎಂಥದ್ದಂದ್ರೆ ಮೊದಲನೇ ಫಿಲ್ಟರ್ ದಾಟಿ ಬಂದ ಬಣ್ಣನ ಪೂರ್ತಿ ತಡೆಯೋಂಥದ್ದು. ಬೆಳಕಿನ ಬಣ್ಣ ಬದಲಾಗದೆ ಇದ್ರೆ ಎರಡನೇ ಫಿಲ್ಟರ್ ಆಚೆ ಕತ್ತಲೆ ಇರಬೇಕಿತ್ತು. ಮಂದವಾಗಿ ಬೆಳಕು ಕಾಣಿಸ್ತು. ಅಷ್ಟೇ, ಕಾಣುತ್ತಾ ಇಲ್ವಾ ಅನ್ನೋ ಪ್ರಶ್ನೆ, ಕಣ್ಣಲ್ಲೇ ನೋಡಿದ್ದು, ನಂಬರ್ ಇಲ್ಲ. ಆಮೇಲೆ ಪಾದರಸದ ದೀಪ, ಸ್ಪೆಕ್ಟ್ರೋಗ್ರಾಫ್ (ಬೆಳಕನ್ನ ಬಣ್ಣದ ಗೆರೆಗಳಾಗಿ ಬಿಡಿಸಿ ಫೋಟೋದಲ್ಲಿ ದಾಖಲಿಸೋ ಉಪಕರಣ) ಬಂತು, ಹೊಸ ಗೆರೆಗಳು ಮೂಲ ಗೆರೆಯಿಂದ ಎಷ್ಟು ಸರಿದಿವೆ ಅಂತ ಅಳೆದ್ರು, ಆ ಸರಿದ ಅಳತೆ ಒಂದೊಂದು ದ್ರವಕ್ಕೆ ಒಂದೊಂದು ಥರ, ಅದರಿಂದ ಅಣುಗಳ ಕಂಪನದ ಲೆಕ್ಕ ಸಿಕ್ತು. 1930ರಲ್ಲಿ ನೊಬೆಲ್ ಬಂತು, 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ್ರು. ಫೆಬ್ರವರಿ 28ಕ್ಕೆ ಸ್ಕೂಲಲ್ಲಿ ವಿಜ್ಞಾನ ದಿನ ಮಾಡ್ತೀವಲ್ಲ, ಅದು ಇದೇ ಕೆಲಸಕ್ಕೆ. ಮಂದ ಬೆಳಕು ಕಂಡಿದ್ದನ್ನ ಲೆಕ್ಕಕ್ಕಿಲ್ಲ ಅಂತ ಬಿಟ್ಟಿದ್ರೆ ಅಳೆಯೋಕೆ ಏನೂ ಇರ್ತಿರಲಿಲ್ಲ.

ಸ್ಟೆಪ್ 6: ಬುಕ್ಕಲ್ಲಿ ಜೋಡ್ಸೋದು, ಗ್ರಾಫ್ ಎಳೆಯೋದು

ಎರಡು ಗಂಟೆಗೊಂದು ಸಾಲು. ಒಂದೇ ಸಾಲಲ್ಲಿ ಟೈಮು, ರೂಮ್ ಟೆಂಪರೇಚರು, ಎತ್ತರ, ಗುಳ್ಳೆ ಎಣಿಕೆ, ಪಿಎಚ್, ಮತ್ತೆ ಕೊನೇಲಿ ಅಗಲವಾದ ಒಂದು ಕಾಲಂ ಮಾತಿಗೆ. ಆ ಕಾಲಂನ ಸಣ್ಣದು ಮಾಡಬೇಡಿ, ಜಾಗ ಇಲ್ಲ ಅಂತ "ಅದೇ" ಅಂತ ಬರೆದು ಮುಗಿಸೋ ಹಾಗಾಗುತ್ತೆ. ಗುಣಾತ್ಮಕಕ್ಕೆ ಒಂದು ಟೇಬಲ್, ಪರಿಮಾಣಾತ್ಮಕಕ್ಕೆ ಇನ್ನೊಂದು ಅಂತ ಎರಡು ಪುಟ ಮಾಡೋದು ನೋಡೋಕೆ ನೀಟು, ಆದ್ರೆ ಒಂದಕ್ಕೊಂದು ಸಂಬಂಧ ತಪ್ಪಿಹೋಗುತ್ತೆ, ಆ ಥರ ಮಾಡಿ ಅಂತ ಟೀಚರ್ ಹೇಳಿದ್ರೆ ಫೈನಲ್ ಕಾಪೀಲಿ ಬೇರೆ ಮಾಡಿ, ನೋಟ್ ಬುಕ್ಕಲ್ಲಿ ಒಟ್ಟಿಗೇ ಇರ್ಲಿ.

ಗ್ರಾಫಿಗೆ ಅಡ್ಡಕ್ಕೆ ಸಮಯ, ನೇರಕ್ಕೆ ಎತ್ತರ, ಎರಡು ಬಾಟ್ಲಿಗೆ ಎರಡು ಬಣ್ಣದ ಗೆರೆ. ಫ್ರಿಜ್ಜಿಂದು ಹೆಚ್ಚುಕಮ್ಮಿ ಮಟ್ಟವಾಗಿ ಹೋಗುತ್ತೆ. ಕಟ್ಟೆ ಮೇಲಿಂದು ಮೊದಲು ನಿಧಾನ, ಆಮೇಲೆ ಜೋರಾಗಿ ಏರುತ್ತೆ, ತುಂಬಾ ಹೊತ್ತು ಬಿಟ್ರೆ ಕೊನೇಲಿ ಇಳಿಯೋಕೂ ಶುರುವಾಗುತ್ತೆ. ಆ ಇಳಿತ ಕಂಡ ತಕ್ಷಣ ತಪ್ಪಾಗಿ ಓದಿದೀನಿ ಅಂತ ಅಳಿಸಿ ಹಿಂದಿನ ನಂಬರನ್ನೇ ಬರೆಯೋರು ಇದ್ದಾರೆ. ಮಾತಿನ ಕಾಲಂ ನೋಡಿ, ಅಲ್ಲಿ "ಮಧ್ಯ ಗುಂಡಿ ಬಿದ್ದಿದೆ, ಗಾಜಿನ ಮೇಲೆ ಹಳೇ ಮಟ್ಟದ ಗುರುತು ಒಣಗಿ ನಿಂತಿದೆ, ಘಾಟು ವಾಸನೆ" ಅಂತಿದ್ರೆ ಹಿಟ್ಟು ನಿಜವಾಗ್ಲೂ ಕುಸಿದಿದೆ, ನಂಬರ್ ಸರಿ ಇದೆ, ಹಂಗೇ ಬಿಡಿ. ಗ್ರಾಫಲ್ಲಿ ಆ ಚುಕ್ಕಿ ಪಕ್ಕ ಬಾಣ ಹಾಕಿ ಆ ಮಾತನ್ನೇ ಬರೀರಿ.

ಇನ್ನೊಂದು ವಿಷ್ಯ, ಮನೇಲಿ ಎಲ್ರಿಗೂ ಹೇಳಿಟ್ಟಿರಿ. ಸಂಜೆ ಹೊತ್ತಿಗೆ ಯಾರಾದ್ರೂ ದೋಸೆ ಹುಯ್ಯೋಣ ಅಂತ ಬಾಟ್ಲಿಗೆ ಸೌಟು ಹಾಕಿ ತಿರುವಿದ್ರೆ ಎತ್ತರದ ರೀಡಿಂಗ್ ಅಲ್ಲಿಗೆ ಮುಗೀತು, ಅದಕ್ಕೆ ಮುಂಚೆನೇ ಕೊನೇ ಅಳತೆ, ಕೊನೇ ಫೋಟೋ ತಗೊಂಡು ಟೈಮ್ ಬರ್ಕೊಂಡ್ಬಿಡಿ.